ಕಡಿತ ನೋಡುತ್ತಿದ್ದ ಶಿವರತ್ನಮ್ಮ

ಹೂಗ್ಯಂನಲ್ಲಿ ಯಾರಿಗಾದರೂ ಏನಾದರೂ ಕಡಿದರೆ ಜನ ಮೊದಲು ಹೋಗುತ್ತಿದ್ದದ್ದು ಶಿವರತ್ನಮ್ಮನ ಜಗಲಿಗೆ. ಅವರು ಮದ್ದು ಕೊಡುತ್ತಿರಲಿಲ್ಲ, ಮಂತ್ರ ಹಾಕುತ್ತಿರಲಿಲ್ಲ. ಕಡಿದ ಜಾಗವನ್ನು ಬೆಳಕಿಗೆ ತಿರುಗಿಸಿ, ಹೆಬ್ಬೆರಳಿನಿಂದ ಸುತ್ತ ಒತ್ತಿ ನೋಡಿ, ಕಡಿದದ್ದು ಇಂಥದ್ದು ಎಂದು ಹೇಳುತ್ತಿದ್ದರು. ಅಷ್ಟೇ ಅವರ ಕೆಲಸ. ಕಾಡಂಚಿನ ಊರಿನಲ್ಲಿ ಅದು ಸಣ್ಣ ಕೆಲಸವಲ್ಲ. ಕಡಿದದ್ದು ಹಾವೋ, ಚೇಳೋ, ಬರೀ ಇರುವೆಯೋ ಎಂದು ತಿಳಿದುಬಿಟ್ಟರೆ ಮನುಷ್ಯನಿಗೆ ಅರ್ಧ ಜೀವ ಬಂದಂತಾಗುತ್ತದೆ.

ನಾನು ಅಲ್ಲಿನ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಸ್ವಂತ ಊರು ಕೊಳ್ಳೇಗಾಲದ ಪಕ್ಕದ ಮಧುವನಹಳ್ಳಿ. ಹೂಗ್ಯಂಗೆ ವರ್ಗವಾದಾಗ ಇಲಾಖೆಗೆ ಹಿಡಿಶಾಪ ಹಾಕುತ್ತಲೇ ಬಂದವನು. ಬಂದ ಮೂರನೇ ವಾರ ಬಚ್ಚಲಿನಲ್ಲಿ ಕಾಲಿಗೆ ಏನೋ ಕಡಿಯಿತು. ಹಾವೇ ಎಂದು ನಾನೇ ತೀರ್ಮಾನಿಸಿ, ಮೊಣಕಾಲಿಗೆ ಟವೆಲ್ ಬಿಗಿದುಕೊಂಡು ಬೀದಿಯಲ್ಲಿ ಕೂಗಾಡಿದೆ. ಯಾರೋ ಇಬ್ಬರು ನನ್ನನ್ನು ಎತ್ತಿಕೊಂಡು ಹೋಗಿ ಶಿವರತ್ನಮ್ಮನ ಜಗಲಿಯ ಮೇಲೆ ಕೂರಿಸಿದರು. ಅವರು ರಾಗಿ ಕೇರುತ್ತಿದ್ದ ಮೊರ ಪಕ್ಕಕ್ಕಿಟ್ಟು, ಪಾದ ನೋಡಿ, ಮೊದಲು ಟವೆಲ್ ಬಿಚ್ಚಿಸಿದರು. ಗೇಣುದ್ದದ ಜರಿ, ಬಚ್ಚಲ ಕಲ್ಲಿನ ಕೆಳಗೇ ಇರುತ್ತದೆ, ಸಂಜೆಯವರೆಗೆ ಉರಿಯುತ್ತದೆ, ಸಾಯುವುದಿಲ್ಲ ಎಂದರು. ಹುಡುಕಿದವರಿಗೆ ಅದು ಕಲ್ಲಿನ ಕೆಳಗೇ ಸಿಕ್ಕಿತು. ಬಿ.ಎಸ್ಸಿ., ಬಿ.ಎಡ್. ಎರಡೂ ಮಾಡಿಕೊಂಡ ನಾನು ಒಂದು ವಾರ ಆ ಬೀದಿಯಲ್ಲಿ ತಲೆ ಎತ್ತಿ ನಡೆಯಲಿಲ್ಲ.

ಆಮೇಲೆ ಅವರ ಹತ್ತಿರ ಹೋಗಿ ಕೂರುವುದು ನನಗೆ ಅಭ್ಯಾಸವಾಯಿತು. ಅವರ ಗಂಡ ಹೋಗಿ ಬಹಳ ವರ್ಷವಾಗಿತ್ತು. ಮಗ ಮಣಿಕಂಠ ಅರಣ್ಯ ಇಲಾಖೆಯಲ್ಲಿ ದಿನಗೂಲಿ ವಾಚರ್, ತಿಂಗಳಲ್ಲಿ ಇಪ್ಪತ್ತು ದಿನ ಕಾಡಿನ ಕ್ಯಾಂಪಿನಲ್ಲೇ ಇರುತ್ತಿದ್ದ. ಕಡಿತ ನೋಡುವುದನ್ನು ಕಲಿಸಿದವರು ಅತ್ತೆ ಚಿಕ್ಕನಿಂಗಮ್ಮ. ಶಿವರತ್ನಮ್ಮನ ಲೆಕ್ಕದಲ್ಲಿ ಹುಳುಗಳದ್ದು ನಾಲ್ಕು ಮನೆ. ಬಾಯಲ್ಲಿ ಕಚ್ಚುವವು ಒಂದು ಮನೆ, ಜರಿ, ಗೊದ್ದ ಕೆಂಜಿಗದಂಥ ಇರುವೆಗಳು ಅದರಲ್ಲಿ. ಹಿಂದಿನಿಂದ ಕುಟುಕುವ ಚೇಳು, ಕಣಜ, ಹೆಜ್ಜೇನು ಇನ್ನೊಂದು. ಮೈಮೇಲೆ ಕೂತು ಹೀರುವ ಉಣ್ಣೆ, ತಿಗಣೆ, ಹೇನಿನದು ಮೂರನೆಯದು. ಕಚ್ಚದೆ, ಕುಟುಕದೆ, ಬರೀ ತಾಕಿದ್ದಕ್ಕೇ ಉರಿಸುವ ಕಂಬಳಿಹುಳು ಮತ್ತು ತೊಗರಿ ಹೂವಿನ ಮೇಲೆ ಕೂರುವ ಕೆಂಪು ಪಟ್ಟೆಯ ಜೀರುಂಡೆ ಕೊನೆಯದು. ಯಾವ ಮನೆಯದ್ದು ಮೈಮೇಲೆ ಎಂಥ ಗುರುತು ಬಿಡುತ್ತದೆ ಎಂಬುದು ಅವರಿಗೆ ಬೆರಳ ತುದಿಯಲ್ಲಿತ್ತು.

ನಾನು ಪುಸ್ತಕದ ಲೆಕ್ಕ ಹೇಳುತ್ತಿದ್ದೆ. ಆರು ಕಾಲಿದ್ದರೆ ಕೀಟ, ಎಂಟಿದ್ದರೆ ಜೇಡದ ಕಡೆಯದು, ಹಾಗಾಗಿ ಉಣ್ಣೆಯೂ ಜೇಡನೂ ನೆಂಟರು ಎಂದು ಒಮ್ಮೆ ವಿವರಿಸಿದೆ. ಅವರು ಬಹಳ ಹೊತ್ತು ನಕ್ಕರು.

"ಜೇಡ ಗೇದು ತಿಂತದೆ ಸಾ, ಉಣ್ಣೆ ಕೂತ್ಕಂಡು ತಿಂತದೆ. ಅವೆರಡೂ ಒಂದೇ ಮನೆಯವಾ?" ಎಂದರು.

ಇದಿಷ್ಟೇ ಆಗಿದ್ದರೆ ಶಿವರತ್ನಮ್ಮನನ್ನು ಹೊಗಳಿ ನಾಲ್ಕು ಪುಟ ಬರೆದು ಮುಗಿಸಬಹುದಿತ್ತು. ಆದರೆ ಅತ್ತೆ ಸೊಸೆಗೆ ಇನ್ನೊಂದು ವಿದ್ಯೆಯನ್ನೂ ಕಲಿಸಿದ್ದರು. ಅದು ಬರೆ ಹಾಕುವುದು. ಕೂಸಿಗೆ ಜ್ವರ ಇಳಿಯದಿದ್ದರೆ, ಹಾಲು ಕಕ್ಕುತ್ತಿದ್ದರೆ, ಹೊಟ್ಟೆ ಉಬ್ಬರಿಸಿದರೆ, ಅರಿಶಿನದ ಕೊಂಬನ್ನು ಕೆಂಡದಲ್ಲಿಟ್ಟು ಕಾಯಿಸಿ ಹೊಟ್ಟೆಯ ಪಕ್ಕಕ್ಕೆ, ಉಡುದಾರದ ಹತ್ತಿರ, ಒಂದು ಚುಕ್ಕಿ ಸುಡುತ್ತಿದ್ದರು. ಸುತ್ತಲಿನ ಹಳ್ಳಿಗಳ ತಾಯಂದಿರು ತಾವಾಗಿಯೇ ಕೂಸುಗಳನ್ನು ತಂದು ಅವರ ಮಡಿಲಿಗೆ ಹಾಕುತ್ತಿದ್ದರು. ಶಿವರತ್ನಮ್ಮನಿಗೆ ಅದು ತಪ್ಪು ಎನ್ನಿಸಿರಲಿಲ್ಲ, ತಂದವರಿಗೂ ಅನ್ನಿಸಿರಲಿಲ್ಲ.

ಎರಡು ಸಾವಿರದ ಹತ್ತೊಂಬತ್ತರಲ್ಲಿ ಹೀಗೆ ಬರೆ ಹಾಕಿಸಿಕೊಂಡ ಮೂರು ತಿಂಗಳ ಕೂಸೊಂದಕ್ಕೆ ಗಾಯ ಕೀವಾಗಿ ಹತ್ತು ದಿನ ಆಸ್ಪತ್ರೆಯಲ್ಲಿ ಮಲಗಿಸಬೇಕಾಯಿತು. ಕೂಸು ಉಳಿಯಿತು. ನನಗೆ ಪಿತ್ತ ನೆತ್ತಿಗೇರಿತು. ಶಾಲೆಯ ಅಂಗಳದಲ್ಲಿ ಸಭೆ ಕರೆದು, ಮೈಕ್ ಹಿಡಿದು, ಇದು ಕೊಲೆಗೆ ಸಮ ಎಂದು ಶಿವರತ್ನಮ್ಮನ ಎದುರಿಗೇ ಅಂದೆ. ಅವರು ಎದ್ದು ಹೋದರು. ಮುನಿಸಿಕೊಂಡು ಹೋದರು ಎಂದುಕೊಂಡರೆ ಮನೆಯಿಂದ ಮಾದಪ್ಪನ ಧೂಳ್ತದ ತಟ್ಟೆ ತಂದರು. ಹಣೆಗಿಡುವ ಆ ಬೂದಿಯನ್ನು ಅಂಗೈಯಲ್ಲಿ ಹಿಡಿದು ಎಲ್ಲರ ಮುಂದೆ ಆಣೆ ಮಾಡಿದರು.

"ಇನ್ಮೇಲೆ ನಾ ಯಾವ್ ಮಗೀಗೂ ಬರೆ ಆಕಲ್ಲ. ಆಕುದ್ರೆ ಮಾದಪ್ಪ ನನ್ ಮನೆ ಮಗೀನೇ ತಕ್ಕೊಳ್ಲಿ."

ಆಗ ಅವರ ಮನೆಯಲ್ಲಿ ಮಗುವೇ ಇರಲಿಲ್ಲ. ಮಣಿಕಂಠನಿಗೆ ನನ್ನೂರಿನ ಹುಡುಗಿ ಮಂಗಳಳನ್ನು ತಂದು ಎರಡು ತಿಂಗಳಾಗಿತ್ತು. ನಾನು ಆ ಸಭೆಯ ಫೋಟೋ ತೆಗೆಸಿ ಮೇಲಿನವರಿಗೆ ವರದಿ ಕಳಿಸಿದೆ. ನನಗೊಂದು ಪ್ರಶಂಸಾಪತ್ರ ಬಂತು. ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕುವಷ್ಟು ದಡ್ಡನಾಗಿದ್ದೆ.

ಶಿವರತ್ನಮ್ಮ ಮಾತು ಉಳಿಸಿಕೊಂಡರು. ಕೂಸು ತಂದವರನ್ನು ರಾಮಾಪುರದ ಆಸ್ಪತ್ರೆಗೆ ಅಟ್ಟುತ್ತಿದ್ದರು, ಬೈಸಿಕೊಂಡೂ ಅಟ್ಟುತ್ತಿದ್ದರು. ನನ್ನ ಮೇಲೆ ಹಗೆ ಇಟ್ಟುಕೊಳ್ಳಲಿಲ್ಲ. ಶನಿವಾರ ಬೆಳಗಿನ ಶಾಲೆಗೆ ಬಂದು ಮಕ್ಕಳಿಗೆ ಹುಳುಗಳ ಪರಿಚಯ ಮಾಡಿಕೊಡಿ ಎಂದು ಕೇಳಿದಾಗ ಹಳೆಯ ಬಾಟಲಿಗಳಲ್ಲಿ ಜೀವಂತ ಪಾಠ ತುಂಬಿಕೊಂಡು ಬಂದರು. ಹಿತ್ತಲಿನ ಚೇಳು, ಎಮ್ಮೆಯ ಕಿವಿಯ ಉಣ್ಣೆ, ಮಣ್ಣಿನ ಗೂಡು ಕಟ್ಟುವ ಕಣಜ, ಮುಟ್ಟಿದರೆ ಸುರುಳಿ ಸುತ್ತುವ ಸಾವಿರಕಾಲಿನ ಹುಳು. ನಾನು ಕಪ್ಪುಹಲಗೆಯ ಮೇಲೆ ಕಾಲು ಎಣಿಸುತ್ತಿದ್ದೆ, ಅವರು ಗುಣ ಹೇಳುತ್ತಿದ್ದರು. ಮಕ್ಕಳು ನನ್ನದನ್ನು ಪರೀಕ್ಷೆಗೆ ಬರೆದುಕೊಂಡು, ಅವರದ್ದನ್ನು ನಂಬುತ್ತಿದ್ದರು. ಮೊಮ್ಮಗಳು ಪದ್ಮಿನಿ ಹುಟ್ಟಿ ನಡೆಯುವಂತಾದ ಮೇಲೆ ಅವಳೂ ಅಜ್ಜಿಯ ಸೆರಗು ಹಿಡಿದು ಬಂದು ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದಳು. ಸತ್ತ ಜೀರುಂಡೆಗಳನ್ನು ಜೇಬಿಗೆ ತುಂಬಿಕೊಂಡು ಅವ್ವನಿಂದ ಬೈಸಿಕೊಳ್ಳುತ್ತಿದ್ದಳು.

ಎರಡು ಸಾವಿರದ ಇಪ್ಪತ್ತಮೂರರ ನವೆಂಬರ್. ರಾಗಿ ಕೊಯ್ಲಿನ ಕಾಲ. ಮಂಗಳ ಕೊಯ್ಲಿಗೆ ಹೋಗುತ್ತಿದ್ದಳು, ಮಗು ಅಜ್ಜಿಯ ಜೊತೆ ಹೊಲದ ಬದುವಿನ ಹುಲ್ಲಿನಲ್ಲಿ ಆಡಿಕೊಂಡಿರುತ್ತಿತ್ತು. ಒಂದು ಶನಿವಾರ ಶಿವರತ್ನಮ್ಮ ಶಾಲೆಗೆ ಬರಲಿಲ್ಲ. ಸೋಮವಾರ ನಾನೇ ಅವರ ಮನೆಗೆ ಹೋದೆ. ಪದ್ಮಿನಿಗೆ ಐದು ದಿನದಿಂದ ಜ್ವರ. ಕೊಯ್ಲಿನ ಗಡಿಬಿಡಿಯಲ್ಲಿ ರಾಮಾಪುರದ ಮೆಡಿಕಲ್ ಸ್ಟೋರಿನಿಂದಲೇ ತಂದ ಸಿರಪ್ಪಿಗೆ ಇಳಿದು, ಮತ್ತೆ ಏರುತ್ತಿತ್ತು. ಮೂರು ವರ್ಷದ ಮಗು ಚಾಪೆಯ ಮೇಲೆ ಒದ್ದೆ ಬಟ್ಟೆಯ ಹಾಗೆ ಬಿದ್ದಿತ್ತು.

ಶಿವರತ್ನಮ್ಮ ಅಂಗಿ ಎತ್ತಿ, ಉಡುದಾರ ಸರಿಸಿ ತೋರಿಸಿದರು. ಹೊಟ್ಟೆಯ ಎಡಪಕ್ಕದಲ್ಲಿ ಮೆಣಸಿನ ಕಾಳಿಗಿಂತ ಸ್ವಲ್ಪ ದೊಡ್ಡದಾದ, ದುಂಡಗಿನ ಕಪ್ಪು ಹಕ್ಕಳೆ. ಸುತ್ತ ಕೆಂಪು ಉಂಗುರ.

"ಇದ ನೋಡಿ ಸಾ. ಯಾವ್ದೋ ಹುಳ ಕಚ್ಚದೆ. ಯಾವ್ದು ಅಂತ ನಂಗೂ ತಿಳೀತಿಲ್ಲ," ಎಂದರು.

ನನ್ನ ತಲೆಯಲ್ಲಿ ಆ ಕ್ಷಣ ಬಂದದ್ದನ್ನು ಮುಚ್ಚಿಡದೆ ಹೇಳುತ್ತೇನೆ. ಹಾಕಿಬಿಟ್ಟಿದ್ದಾರೆ, ಎಂದುಕೊಂಡೆ. ಜ್ವರ ಇಳಿಯದ ಮಗು, ಹಳೆಯ ಕೈ, ಅದೇ ಜಾಗ, ಸುಟ್ಟಂಥದ್ದೇ ಗುರುತು. ಊರಿನ ಯಾವ ಕಡಿತ ತೋರಿಸಿದರೂ ಹೆಸರು ಹೇಳುವ ಹೆಂಗಸು ತನ್ನ ಮೊಮ್ಮಗಳ ಮೈಮೇಲಿನದ್ದನ್ನು ಮಾತ್ರ ಗೊತ್ತಿಲ್ಲ ಎನ್ನುತ್ತಾರೆ ಎಂದರೆ ಇನ್ನೇನು ಅರ್ಥ? ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವವರು ಸುಳ್ಳು ಹೇಳುತ್ತಿರಲಾರರು ಎಂಬುದು ಆಗ ನನಗೆ ಹೊಳೆಯಲಿಲ್ಲ.

ನನ್ನ ಹಳೆಯ ಕಾರು ತಂದೆ. ಮಂಗಳ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಹಿಂದೆ ಕೂತಳು, ಪಕ್ಕದಲ್ಲಿ ಅತ್ತೆ. ಮಣಿಕಂಠನ ಕ್ಯಾಂಪಿನಲ್ಲಿ ಸಿಗ್ನಲ್ ಇರಲಿಲ್ಲ. ರಾಮಾಪುರ, ಹನೂರು ದಾಟಿ ಕೊಳ್ಳೇಗಾಲದ ಒಂದು ಖಾಸಗಿ ನರ್ಸಿಂಗ್ ಹೋಮಿಗೆ ಹೋದೆವು. ಯಾವುದು ಎಂದು ಬರೆಯುವುದಿಲ್ಲ.

ಅಲ್ಲಿನ ಡಾಕ್ಟರು ಅಂಗಿ ಎತ್ತಿ ನೋಡಿದವರೇ ಕೆಂಡವಾದರು. ಯಾವ ಕಾಲದಲ್ಲಿದ್ದೀರಿ, ಇದನ್ನು ಹಾಕಿದ್ದು ಯಾರು ಎಂದು ಮಂಗಳಳನ್ನು ಗದರಿದರು. ಅವಳು ಏನೋ ಹೇಳಲು ಬಾಯಿ ತೆರೆದಳು. ಶಿವರತ್ನಮ್ಮ ಮುಂದೆ ಬಂದು ಕೈಮುಗಿದು, ಇದು ಬರೆಯಲ್ಲ, ಹುಳದ ಕಡಿತ ಎಂದರು. ಯಾವ ಹುಳ ಎಂದು ಡಾಕ್ಟರು ಕೇಳಿದರು. ಅದು ತಿಳಿಯುತ್ತಿಲ್ಲ ಎಂದರು. ಡಾಕ್ಟರು ನಕ್ಕು ನನ್ನ ಕಡೆ ತಿರುಗಿದರು. ನನ್ನ ಇಸ್ತ್ರಿ ಶರ್ಟು, ಜೇಬಿನ ಪೆನ್ನು ನೋಡಿಯೇ ನಾನು ಯಾರೆಂದು ಅಂದಾಜಾಗಿರಬೇಕು.

"ನೀವು ಓದಿದವರು. ನೀವಾದರೂ ನಿಜ ಹೇಳಿ," ಎಂದರು.

"ಹೌದು ಸಾರ್, ಈಯಮ್ಮ ಬರೆ ಹಾಕೋರು," ಎಂದೆ.

ಹಾಕುತ್ತಿದ್ದರು, ನಾಲ್ಕು ವರ್ಷದ ಹಿಂದೆ ಬಿಟ್ಟಿದ್ದಾರೆ ಎಂದು ಪೂರ್ತಿ ಮಾಡಲಿಲ್ಲ. ಡಾಕ್ಟರು ಆಗಲೇ ಬರೆಯತೊಡಗಿದ್ದರು. ಸುಟ್ಟ ಗಾಯ, ನಂಜು. ಅದಕ್ಕೆ ತಕ್ಕ ಇಂಜೆಕ್ಷನ್. ಮುದುಕಿಯನ್ನು ವಾರ್ಡಿನೊಳಗೆ ಬಿಡಬೇಡಿ ಎಂದು ನರ್ಸಿಗೆ ಹೇಳಿದರು. ಮಂಗಳ ಅತ್ತೆಯನ್ನು ನೋಡಿದ ನೋಟವನ್ನು ನಾನು ನೋಡಿದೆ, ನೋಡಿಯೂ ಸುಮ್ಮನಿದ್ದೆ.

ಶಿವರತ್ನಮ್ಮ ಹೊರಗಿನ ಬೆಂಚಿನ ಮೇಲೆ ಎರಡು ದಿನ ಕೂತರು. ಹಾದುಹೋಗುವ ಪ್ರತಿಯೊಬ್ಬ ನರ್ಸಿಗೂ, ಕಸ ಗುಡಿಸುವವರಿಗೂ, ಅದು ಹುಳ ಕಚ್ಚಿದ್ದು, ಬೇರೆ ಮದ್ದು ಬೇಕಾಗಬಹುದು, ಡಾಕ್ಟರಿಗೆ ಇನ್ನೊಂದು ಸಲ ಹೇಳಿ ಎಂದು ಬೇಡಿಕೊಂಡರು. ಬರೆ ಅಜ್ಜಿ ಎಂದು ಅಲ್ಲಿನವರು ಹೆಸರಿಟ್ಟರು. ನನ್ನನ್ನೂ ಬೇಡಿಕೊಂಡರು. ಡಾಕ್ಟರಿಗೆ ಗೊತ್ತಿರುತ್ತದೆ, ಸುಮ್ಮನಿರಿ ಎಂದೆ. ಆ ಎರಡು ದಿನ ಆ ಕಟ್ಟಡದಲ್ಲಿ ಸರಿಯಾದ ಮಾತು ಆಡಿದವರು ಅವರೊಬ್ಬರೇ.

ಬುಧವಾರ ಮಧ್ಯಾಹ್ನ ಮಗು ಏದುಸಿರು ಬಿಡತೊಡಗಿತು. ಮೈಸೂರಿಗೆ ಕರೆದುಕೊಂಡು ಹೋಗಿ ಎಂದು ಚೀಟಿ ಬರೆದುಕೊಟ್ಟರು. ಅಲ್ಲಿನ ದೊಡ್ಡಾಸ್ಪತ್ರೆಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಹಕ್ಕಳೆಯ ಮೇಲೆ ಬೆರಳಿಟ್ಟು, ನಿಮ್ಮದು ಕಾಡಿನ ಪಕ್ಕದ ಊರೇ, ಮಗು ಹುಲ್ಲಿನಲ್ಲಿ ಆಡಿತ್ತೇ ಎಂದು ಎರಡೇ ಪ್ರಶ್ನೆ ಕೇಳಿದರು. ಇದು ಸುಟ್ಟದ್ದಲ್ಲ, ಕಣ್ಣಿಗೆ ಕಾಣದಂಥ ಒಂದು ನುಸಿ ಕಚ್ಚಿದ ಗುರುತು, ಅದರಿಂದ ಬರುವ ಜ್ವರ ಎಂದು ಅನುಮಾನ, ರಕ್ತ ಕಳಿಸುತ್ತೇವೆ ಎಂದು ನನ್ನೊಬ್ಬನನ್ನೇ ಪಕ್ಕಕ್ಕೆ ಕರೆದು ಹೇಳಿದರು. ಮದ್ದು ಬದಲಾಯಿಸಿದರು. ರಕ್ತಪರೀಕ್ಷೆಯ ಚೀಟಿಯಲ್ಲಿ ನನ್ನ ಫೋನ್ ನಂಬರ್ ಬರೆದುಕೊಂಡರು. ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಪದ್ಮಿನಿ ಹೋದಳು.

ಮಣ್ಣಿನ ದಿನವೇ ಊರು ತೀರ್ಪು ಕೊಟ್ಟಾಗಿತ್ತು. ಧೂಳ್ತ ಹಿಡಿದು ಆಣೆ ಮಾಡಿ ಮುರಿದಳು, ಮಾದಪ್ಪ ಅವಳು ಹೇಳಿದ್ದನ್ನೇ ತೆಗೆದುಕೊಂಡ. ಯಾರೂ ಜೋರಾಗಿ ಹೇಳಲಿಲ್ಲ, ಎಲ್ಲರೂ ಹೇಳಿದರು. ಮಂಗಳಳ ಅಣ್ಣಂದಿರು ಅವಳನ್ನು ಮಧುವನಹಳ್ಳಿಗೆ ಕರೆದುಕೊಂಡು ಹೋಗಲು ಬಂದಾಗ ಅವಳು ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳಿದಳು.

"ನನ್ ಮಗೀಗೆ ಯಾಕತ್ತೆ ಆಕುದ್ರಿ?"

"ನಾ ಆಕಿಲ್ಲ ಕನವ್ವ," ಎಂದರು ಶಿವರತ್ನಮ್ಮ. ಇನ್ನೊಂದು ಸಲ ಹೇಳುವಷ್ಟರಲ್ಲಿ ಅವಳು ಬೀದಿಗೆ ಇಳಿದಾಗಿತ್ತು. ಮಣಿಕಂಠ ಕ್ಯಾಂಪಿಗೆ ವಾಪಸಾದವನು ಮನೆಗೆ ಬರುವುದನ್ನೇ ಬಿಟ್ಟ.

ನಾನು ಅಲ್ಲೇ ಇದ್ದೆ. ಮೈಸೂರಿನ ಡಾಕ್ಟರ ಅನುಮಾನ ನನ್ನೊಬ್ಬನಿಗೇ ಗೊತ್ತಿತ್ತು. ರಿಪೋರ್ಟ್ ಬರಲಿ, ಸುಮ್ಮನೆ ಅರ್ಧ ಮಾತು ಆಡಬಾರದು ಎಂದು ನನಗೆ ನಾನೇ ಬುದ್ಧಿ ಹೇಳಿಕೊಂಡೆ. ನರ್ಸಿಂಗ್ ಹೋಮಿನಲ್ಲಿ ಅರ್ಧ ಮಾತು ಆಡುವಾಗ ಈ ಬುದ್ಧಿ ಎಲ್ಲಿತ್ತೋ. ಆರನೇ ದಿನ ರಿಪೋರ್ಟ್ ಫೋನಿಗೆ ಬಂತು. ಅದೇ ಜ್ವರ. ಆಮೇಲೆ ಒಂಬತ್ತು ದಿನ ಅದನ್ನು ಜೇಬಿನಲ್ಲಿಟ್ಟುಕೊಂಡು ಪಾಠ ಮಾಡಿದೆ, ಊಟ ಮಾಡಿದೆ, ಹಾಜರಿ ಕರೆದೆ. ಅದನ್ನು ಓದಿ ಹೇಳಬೇಕಾದರೆ ನಾನು ಡಾಕ್ಟರಿಗೆ ಏನು ಹೇಳಿದ್ದೆ ಎನ್ನುವುದನ್ನೂ ಹೇಳಬೇಕಿತ್ತು. ಹೇಡಿತನಕ್ಕೆ ಬೇರೆ ಹೆಸರು ಹುಡುಕುವುದು ಬೇಡ.

ಹತ್ತನೇ ದಿನ ಬೆಳಿಗ್ಗೆ ಶಾಲೆಗೆ ಹೋಗುವಾಗ ಒಬ್ಬ ಹೆಂಗಸು ಚೇಳು ಕುಟುಕಿದ ಮಗಳನ್ನು ಎಳೆದುಕೊಂಡು ಹೋಗುತ್ತಿದ್ದಳು. ಶಿವರತ್ನಮ್ಮ ಜಗಲಿಯ ಮೇಲೆಯೇ ಕೂತಿದ್ದರು. ಅಳುವುದನ್ನು ಕೇಳಿ ಕೈ ಚಾಚಿದರು. ಆ ಹೆಂಗಸು ಮಗಳ ಮುಖವನ್ನು ಸೆರಗಿನಿಂದ ಮುಚ್ಚಿಕೊಂಡು ಬೀದಿಯ ಆಚೆ ಬದಿಗೆ ಸರಿದು ಓಡಿದಳು. ಚಾಚಿದ ಕೈ ಹಾಗೇ ಸ್ವಲ್ಪ ಹೊತ್ತು ಇತ್ತು. ನಾನು ಶಾಲೆಗೆ ಹೋಗದೆ ಜಗಲಿ ಹತ್ತಿದೆ.

ರಿಪೋರ್ಟಿನಲ್ಲಿದ್ದುದನ್ನೆಲ್ಲ ಹೇಳಿದೆ. ಹುಲ್ಲಿನಲ್ಲಿರುವ ನುಸಿಯ ಮರಿ, ಸಾಸಿವೆಗಿಂತ ಎಷ್ಟೋ ಸಣ್ಣದು, ಬಟ್ಟೆಯೋ ದಾರವೋ ಬಿಗಿದಿರುವ ಕಡೆ ಹೋಗಿ ಕಚ್ಚುತ್ತದೆ, ಕಚ್ಚಿದ್ದು ಗೊತ್ತೇ ಆಗುವುದಿಲ್ಲ, ಕೆಲವು ದಿನ ಬಿಟ್ಟು ಜ್ವರ ಬರುತ್ತದೆ ಎಂದೆ. ಅವರು ಅಳಲಿಲ್ಲ. ಕಡಿತದ ವಿಷಯ ಕೇಳುವಾಗಿನ ಅದೇ ಮುಖದಲ್ಲಿ ಕೇಳಿದರು.

"ನೋಯಲ್ವಾ?"

"ಇಲ್ಲಮ್ಮ."

"ಅದ್ಕೇಯ. ನಲವತ್ತು ವರ್ಸದಲ್ಲಿ ಆ ಕಡಿತ ಇಟ್ಕಂಡು ಒಬ್ರೂ ನನ್ತಾವ ಬಂದಿಲ್ಲ. ನೊಂದೋರು ತಾನೇ ಬರಾದು."

ಸರಿಯಾದ ಮದ್ದು ಸೋಮವಾರವೇ ಕೊಟ್ಟಿದ್ದರೆ ಮಗು ಉಳಿಯುತ್ತಿತ್ತೇ ಎಂದು ಕೇಳಿದರು. ಬಹುಶಃ ಉಳಿಯುತ್ತಿತ್ತು ಎಂದೆ. ಸೋಮವಾರ ಡಾಕ್ಟರಿಗೆ ಹಾಗೆ ಹೇಳಿದ್ದು ನಾನು ಎಂದು ಹೇಳಲು ಹೊರಟೆ. ಅವರು ತಡೆದರು.

"ಕೇಳುಸ್ಕಂಡಿದ್ದೆ ಸಾ, ಪಕ್ದಲ್ಲೇ ಇದ್ನಲ್ಲ. ಊರೋರು ಏನಾರ ಅನ್ಲಿ. ಮಂಗಳಂಗೆ ಒಂದ್ಸಲ ಓಗಿ ಏಳ್ಬುಡಿ. ಮಗೀನ್ನ ಅತ್ತೇನೇ ಸುಟ್ರು ಅನ್ಕಂಡು ಅವಳು ಬದುಕ್ಬಾರ್ದು."

ಅಂದಿನಿಂದ ಅವರು ಯಾರ ಕಡಿತವನ್ನೂ ನೋಡಿಲ್ಲ. ಆಮೇಲೆ ನಾನು ಶಾಲೆಯಲ್ಲಿ, ಪಂಚಾಯಿತಿಯಲ್ಲಿ ರಿಪೋರ್ಟ್ ಓದಿ ಹೇಳಿದೆ. ಜನ ಕೇಳಿಸಿಕೊಂಡರು, ತಲೆಯಾಡಿಸಿದರು, ಕೆಲವರು ಮತ್ತೆ ಮಕ್ಕಳನ್ನು ಕರೆದುಕೊಂಡು ಜಗಲಿಗೆ ಹೋದರು. ನನಗೆ ತಿಳಿಯುವುದಿಲ್ಲ ಎಂದು ಹೇಳಿ ಅವರು ಒಳಗೆ ಹೋಗುತ್ತಾರೆ.

ಮಧುವನಹಳ್ಳಿಗೆ ನಾನು ಆ ಭಾನುವಾರವೇ ಹೋಗಿದ್ದೆ. ಮಂಗಳ ಹಿಪ್ಪುನೇರಳೆ ಸೊಪ್ಪು ಬಿಡಿಸಿ ತಂದು ಆಗಷ್ಟೇ ಹೊರೆ ಇಳಿಸಿದ್ದಳು. ರಿಪೋರ್ಟಿನ ಹಾಳೆ ಕೊಟ್ಟು, ಅತ್ತೆ ಬರೆ ಹಾಕಿರಲಿಲ್ಲ ಎಂದೆ. ನನ್ನ ತಪ್ಪನ್ನೂ ಹೇಳಿ ಕ್ಷಮೆ ಕೇಳಿದೆ. ಅವಳು ಹಾಳೆ ನೋಡಲೇ ಇಲ್ಲ. ಸೊಪ್ಪಿನ ಹೊರೆಯ ಹಗ್ಗವನ್ನೇ ಬಿಚ್ಚುತ್ತ, ಕಟ್ಟುತ್ತ ಕೂತಳು. ಆಮೇಲೆ ಹೇಳಿದಳು.

"ಜ್ವರ ಬರಾಕೆ ಎರಡು ದಿನ ಮುಂಚೆ ನೀರುಯ್ಯುವಾಗ ನಾನೇ ಅದ ನೋಡಿದ್ದೆ ಸಾ. ಚಿಕ್ದಾಗಿತ್ತು. ಉಡ್ದಾರ ಉಜ್ಜಿರ್ಬೇಕು ಅನ್ಕಂಡೆ. ಜ್ವರಾನೇ ಇಲ್ದಾಗ ಅತ್ತೆ ಯಾಕೆ ಬರೆ ಆಕ್ತಾರೆ? ಆಸ್ಪತ್ರೇಲಿ ಅದ್ನ ಏಳ್ಬೇಕು ಅಂತ್ಲೇ ಬಾಯಿ ತೆಗ್ದೆ. ಅಷ್ಟರಲ್ಲಿ ನೀವು ಹೌದು ಅಂದ್ಬುಟ್ರಿ."

ಆಮೇಲಾದರೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಮೇಷ್ಟ್ರೇ ಅಂದ್ಮೇಲೆ ನಾನು ನೋಡಿದ್ದೇ ಸುಳ್ಳಿರ್ಬೇಕು ಅನ್ಕಂಡೆ," ಎಂದಳು. ಕೊನೆಗೆ, ತಾನು ಗುರುತನ್ನು ಮುಂಚೆಯೇ ನೋಡಿದ್ದನ್ನು ಅತ್ತೆಗೆ ಹೇಳಬೇಡಿ ಎಂದು ಕೈಮುಗಿದಳು. ಹೂಗ್ಯಂಗೆ ಅವಳು ವಾಪಸು ಬರಲಿಲ್ಲ. ಯಾವ ಮುಖ ಇಟ್ಟುಕೊಂಡು ಬರಲಿ ಎಂದಳು.

ಮಂಗಳ ಏನಂದಳು ಎಂದು ಶಿವರತ್ನಮ್ಮ ಕೇಳಿದಾಗ, ನಿಮ್ಮನ್ನು ನಂಬಿದಳು ಎಂದಷ್ಟೇ ಹೇಳಿದೆ. ನಂಬಿದ ಮೇಲೆ ಯಾಕೆ ಬರಲಿಲ್ಲ ಎಂದು ಅವರು ಈಗಲೂ ಒಮ್ಮೊಮ್ಮೆ ಕೇಳುತ್ತಾರೆ. ಅವರಿಗೆ ಓದು ಬರುವುದಿಲ್ಲ. ಅದಕ್ಕೇ ಇದನ್ನು ಬರೆಯುವ ಧೈರ್ಯ ನನಗೆ ಬಂದಿದೆ.